ಮಗಳಿಗೆ ಕಾಡು-ಚಾರಣದ ಓದು ಬೇಕಂತೆ, ಎಲ್ಲಿ ಓದಿಸಲಿ?

ಬೇಣದಮನೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಶಿರಸಿ ತಾಲೂಕಿನ ಘಟ್ಟದಂಚಿನ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ಅದಕ್ಕೆ ಸೇರಿದ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. ಬೆಟ್ಟದ ಆಚೆ ಒಂದು ಜಲಪಾತ ಇದೆ. ಹೆಸರು ಹೇಳುವುದಿಲ್ಲ, ಈಗಾಗಲೇ ಜಾಸ್ತಿ ಜನಕ್ಕೆ ಗೊತ್ತಾಗಿದೆ. ನಾನು ಸಣ್ಣವನಿದ್ದಾಗ ಅಲ್ಲಿಗೆ ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು ಕಾಲುದಾರಿ ಇತ್ತು. ದರಕು (ಉದುರಿದ ಒಣ ಎಲೆ) ಗುಡಿಸಿ ತರಲು ಹೋಗುವವರು, ಎಮ್ಮೆ ಹುಡುಕಿಕೊಂಡು ಹೋಗುವವರು, ಅಷ್ಟೇ ಓಡಾಡುತ್ತಿದ್ದರು. ಮೂರು ನಾಲ್ಕು ವರ್ಷದಿಂದ ಶನಿವಾರ ಭಾನುವಾರ ಬಂತೆಂದರೆ ಕಾರಿನ ಸಾಲು. ದಾರಿ ಈಗ ಎತ್ತಿನ ಗಾಡಿ ಹೋಗುವಷ್ಟು ಅಗಲ ಆಗಿದೆ. ಮರದ ಬೇರುಗಳೆಲ್ಲ ಮೇಲೆದ್ದಿವೆ. ಮಳೆಗಾಲದಲ್ಲಿ ಅದು ದಾರಿಯಲ್ಲ, ಹಳ್ಳ.

ಮಗಳು ಸೆಕೆಂಡ್ ಪಿಯುಸಿ ಸೈನ್ಸ್. ಕಳೆದ ವರ್ಷದಿಂದ ಭಾನುವಾರ ಬೆಳಿಗ್ಗೆ ಗೆಳತಿ ಜೊತೆ ದಾರಿಯ ಬಾಯಲ್ಲಿ ನಿಲ್ಲುತ್ತಾಳೆ. ಹೋಗುವವರ ಹತ್ತಿರ ಎಷ್ಟು ನೀರಿನ ಬಾಟಲಿ ಇದೆ ಅಂತ ಬರೆದುಕೊಳ್ಳುತ್ತಾಳೆ, ಬರುವಾಗ ಮತ್ತೆ ಎಣಿಸುತ್ತಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ನಗುತ್ತಾ ತೋರಿಸಿ ಹೋಗುವವರೂ ಇದ್ದಾರೆ, ನೀನು ಯಾರು ಕೇಳಲಿಕ್ಕೆ ಅಂತ ಬೈದವರೂ ಇದ್ದಾರೆ. ಈ ಅಕ್ಟೋಬರ್‌ನಲ್ಲಿ ಒಬ್ಬ ಹುಡುಗ ಪಾಚಿ ಬಂಡೆಯ ಮೇಲೆ ಜಾರಿ ಕಾಲು ಮುರಿದುಕೊಂಡ. ಇವಳು ಅಡಿಕೆ ದಬ್ಬೆ ಸೀಳಿ ತನ್ನ ವೇಲ್ ಹರಿದು ಕಾಲಿಗೆ ಕಟ್ಟಿದಳು. ನಾವು ನಾಲ್ಕು ಜನ ಕಂಬಳಿಯಲ್ಲಿ ಹೊತ್ತುಕೊಂಡು ರಸ್ತೆಗೆ ಬರುವಷ್ಟರಲ್ಲಿ ಎರಡು ಗಂಟೆ ಆಗಿತ್ತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕೇಳಿದಳು, "ಅಪ್ಪಾ, ಇದನ್ನೇ ಕಾಲೇಜಿನಲ್ಲಿ ಓದಲಿಕ್ಕೆ ಆಗೋದಿಲ್ವಾ?"

ಅಮೆರಿಕದ ಕಾಲೇಜುಗಳಲ್ಲಿ ಔಟ್‌ಡೋರ್ ರಿಕ್ರಿಯೇಶನ್, ನ್ಯಾಚುರಲ್ ರಿಸೋರ್ಸ್ ಸ್ಟುವರ್ಡ್‌ಶಿಪ್ ಅಂತೆಲ್ಲ ಡಿಗ್ರಿ ಇದೆಯಂತೆ, ಮೊಬೈಲಿನಲ್ಲಿ ತೋರಿಸಿದಳು. ನೆಂಟರೆಲ್ಲ ಎಂಜಿನಿಯರಿಂಗ್ ಹಾಕು ಅನ್ನುತ್ತಾರೆ. ಅವಳಿಗೆ ಮನಸ್ಸಿಲ್ಲ, ನನಗೂ ಒತ್ತಾಯ ಮಾಡಲು ಇಷ್ಟ ಇಲ್ಲ. ಆದರೆ ನಾಲ್ಕು ವರ್ಷ ಓದಿದ ಮೇಲೆ ಅವಳ ಕಾಲ ಮೇಲೆ ಅವಳು ನಿಲ್ಲಬೇಕು ಅಲ್ವಾ. ಇಂಥ ಓದು ನಮ್ಮ ಕಡೆ ಇದೆಯಾ? ಹುಡುಗಿಯರು ಈ ಕೆಲಸದಲ್ಲಿ ಇದ್ದಾರಾ? ಸಾಲ ಮಾಡಿ ಹೊರದೇಶಕ್ಕೆ ಕಳಿಸುವಷ್ಟು ಅದರಲ್ಲಿ ಏನಿದೆ? ತಿಳಿದವರು ಹೇಳಿ.

ಮತ್ತಿಮರ

ಅಣ್ಣಾ, ನಾನು ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲೇ ಓದಿದವಳು. ಹುಡುಗಿಯರು ಇದ್ದಾರಾ ಅಂತ ಕೇಳಿದಿರಿ. ನಮ್ಮ ಬ್ಯಾಚ್‌ನಲ್ಲಿ ಇದ್ದೆವು, ಈಗ ವಲಯ ಅರಣ್ಯಾಧಿಕಾರಿ ಆಗಿರುವವರೂ ಇದ್ದಾರೆ.

ಮೊದಲು ನೇರ ಮಾತು. ನಿಮ್ಮ ಮಗಳು ತೋರಿಸಿದ ಹೆಸರಿನ ಡಿಗ್ರಿ ನಮ್ಮ ಜಿಲ್ಲೆಯಲ್ಲಿ ಇಲ್ಲ. ಹತ್ತಿರದ್ದು ಅಂದರೆ ಬಿ.ಎಸ್ಸಿ. ಆನರ್ಸ್ ಫಾರೆಸ್ಟ್ರಿ, ನಾಲ್ಕು ವರ್ಷ. ಶಿರಸಿಯದ್ದು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು, ಇನ್ನೊಂದು ಕೊಡಗಿನ ಪೊನ್ನಂಪೇಟೆಯಲ್ಲಿ ಇದೆ. ಸೀಟು ಸಿಇಟಿ ಮೂಲಕ. ಕೃಷಿಕರ ಮಕ್ಕಳಿಗೆ ಬೇರೆ ಮೀಸಲು ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ಬೀಜ, ಗಿಡ, ಸಲಕರಣೆ ಗುರುತಿಸುವಂಥದ್ದು. ತೋಟದ ಮನೆಯ ಮಗಳಿಗೆ ಕಷ್ಟ ಆಗದು, ಆದರೆ ಅರ್ಜಿ ತುಂಬುವಾಗಲೇ ಆ ಕೋಟಾ ಗುರುತು ಹಾಕಿ, ಜಮೀನಿನ ದಾಖಲೆ ಮೊದಲೇ ತೆಗೆದಿಟ್ಟುಕೊಳ್ಳಿ. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ.

ಏನು ಕಲಿಸುತ್ತಾರೆ ಅಂದರೆ ಮರ ಗುರುತಿಸುವುದು, ನರ್ಸರಿ, ಮಣ್ಣು, ವನ್ಯಜೀವಿ, ಕಾಡಿನ ಕಾನೂನು, ಮರ ಅಳೆಯುವುದು. ನನಗೆ ಮೊದಲ ವರ್ಷದ ಒಂದು ದಿನ ಇನ್ನೂ ನೆನಪಿದೆ. ಮರದ ಸುತ್ತಳತೆ ತೆಗೆಯಲು ನೆಲದಿಂದ 1.37 ಮೀಟರ್ ಎತ್ತರಕ್ಕೆ ಟೇಪು ಸುತ್ತಬೇಕು. ನಾನು ಇಳಿಜಾರಿನಲ್ಲಿ ಕೆಳಗೆ ನಿಂತು ಸುತ್ತಿದ್ದೆ. ಸರ್ ಬಂದು ಟೇಪು ಬಿಚ್ಚಿಸಿದರು. ಇಳಿಜಾರಿನಲ್ಲಿ ಯಾವಾಗಲೂ ಮೇಲಿನ ಬದಿಯಿಂದ ಅಳೆಯಬೇಕು ಅಂದರು. ಅದೇ ಮರ, ಕೆಳಗಿನಿಂದ ಅಳೆದರೆ ಬೇರೆ ಲೆಕ್ಕ, ಮೇಲಿನಿಂದ ಅಳೆದರೆ ಬೇರೆ. ನಿಂತ ಜಾಗ ತಪ್ಪಿದರೆ ಲೆಕ್ಕ ಎಲ್ಲ ತಪ್ಪುತ್ತದೆ ಅಂತ ಅವತ್ತು ಗೊತ್ತಾಯಿತು. ಕೊನೆಯ ವರ್ಷ ಹಳ್ಳಿಯಲ್ಲಿ ಉಳಿಯುವುದು, ಅರಣ್ಯ ವಲಯದಲ್ಲಿ ಕೆಲಸ ನೋಡುವುದು ಇರುತ್ತದೆ. ನನ್ನ ಮಟ್ಟಿಗೆ ಆ ತಿಂಗಳುಗಳೇ ನಿಜವಾದ ಓದು.

ಇನ್ನು ಕೊರತೆ. ಮರದ ಬಗ್ಗೆ ತುಂಬಾ ಕಲಿಯುತ್ತೇವೆ, ಮನುಷ್ಯರ ಬಗ್ಗೆ ಕಡಿಮೆ. ಭಾನುವಾರ 400 ಜನ ಬಂದರೆ ದಾರಿ, ಪಾರ್ಕಿಂಗ್, ಶೌಚಾಲಯ, ಕಸ, ಅಪಘಾತ ಇದನ್ನೆಲ್ಲ ಹೇಗೆ ನಿಭಾಯಿಸುವುದು ಅಂತ ನನಗೆ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾದದ್ದು. ನಿಮ್ಮ ಮಗಳು ಬಾಟಲಿ ಎಣಿಸುವ ಕೆಲಸ ಇದೆಯಲ್ಲ, ಅದು ಈ ವಿಷಯದ ನಡುಮಧ್ಯದ್ದು.

ನೌಕರಿ ಬಗ್ಗೆ ಆಸೆ ತೋರಿಸಿ ಮೋಸ ಮಾಡುವುದಿಲ್ಲ. ಅರಣ್ಯ ಇಲಾಖೆ ನೇಮಕಾತಿಯಲ್ಲಿ ಫಾರೆಸ್ಟ್ರಿ ಓದಿದವರಿಗೆ ಪಾಲು ಇದೆ, ಆದರೆ ಆ ಪಾಲು ಬದಲಾಗುತ್ತಾ ಬಂದಿದೆ, ಅದಕ್ಕಾಗಿ ವಿದ್ಯಾರ್ಥಿಗಳು ಧರಣಿ ಕೂತದ್ದೂ ಇದೆ. ನೇಮಕಾತಿ ಪ್ರತಿ ವರ್ಷ ಬರುವುದಿಲ್ಲ. ಭಾರತೀಯ ಅರಣ್ಯ ಸೇವೆಯ (ಐಎಫ್‌ಎಸ್) ಪರೀಕ್ಷೆ ಬರೆಯಬಹುದು. ಮುಂದೆ ಓದಬೇಕು ಅಂದರೆ ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಭೋಪಾಲದ ಅರಣ್ಯ ನಿರ್ವಹಣಾ ಸಂಸ್ಥೆ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ವನ್ಯಜೀವಿ ಎಂ.ಎಸ್ಸಿ. ಇವೆಲ್ಲ ಒಳ್ಳೆಯ ಜಾಗ. ಆದರೆ ಸರ್ಕಾರಿ ನೌಕರಿ ಒಂದನ್ನೇ ನಂಬಿ ಸೇರಿಸಬೇಡಿ.

ಇನ್ನೊಂದು ಮಾತು, ತಾಯಿಯ ಹಾಗೆ ಹೇಳುತ್ತೇನೆ. ಡಿಸೆಂಬರ್‌ನಿಂದ ಮೇ ತನಕ ಅವಳು ಕಾಡಿನ ದಾರಿಯಲ್ಲಿ ನಿಲ್ಲುವುದಾದರೆ ಉಣುಗಿನ (ಉಣ್ಣೆ) ಬಗ್ಗೆ ಜಾಗ್ರತೆ. ಅದರಿಂದ ಹರಡುವ ಮಂಗನ ಕಾಯಿಲೆ ಸಿದ್ದಾಪುರ ಕಡೆ ಎಷ್ಟು ಮನೆಗಳನ್ನು ಅಲುಗಾಡಿಸಿದೆ ನಿಮಗೆ ಗೊತ್ತು. ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಲಿ, ಉದ್ದ ಪ್ಯಾಂಟು ಹಾಕಲಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ. ಪ್ರವಾಸಿಗರಿಗೂ ಇದನ್ನೇ ಹೇಳಲಿ.

ಬೇಣದಮನೆ

ತಂಗಿ, ತುಂಬಾ ಉಪಕಾರ ಆಯಿತು. ಜಮೀನಿನ ದಾಖಲೆ ವಿಷಯ ನನಗೆ ಗೊತ್ತೇ ಇರಲಿಲ್ಲ. ಎಣ್ಣೆ ನಾಳೆಯೇ ತರುತ್ತೇನೆ. ಅಮೆರಿಕದ ಓದಿನಲ್ಲಿ ಇದಕ್ಕಿಂತ ಬೇರೆ ಏನು ಇರುತ್ತದೆ, ಯಾರಾದರೂ ಓದಿದವರು ಇದ್ದೀರಾ?

ದೂರದ ಹೊನ್ನಾವರ

ಇದ್ದೇನೆ ಅಣ್ಣ. ಹೊನ್ನಾವರದವನು, ಮೊಂಟಾನಾ ರಾಜ್ಯದ ಮಿಸ್ಸೌಲಾದಲ್ಲಿ ಈ ವಿಷಯದಲ್ಲೇ ಮಾಸ್ಟರ್ಸ್ ಮಾಡಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾರ್ಕು, ಪ್ರವಾಸ, ಹೊರಾಂಗಣ ಮನರಂಜನೆ ನಿರ್ವಹಣೆ ಅಂತ ಡಿಗ್ರಿಯೇ ಇದೆ. ಹೆಸರು ಕೇಳಿದರೆ ಆಟ ಆಡಿಸುವ ಕೋರ್ಸ್ ಅನಿಸುತ್ತದೆ. ಅಲ್ಲ. ಅದರ ಒಳಗಿರುವುದು ಒಂದೇ ಪ್ರಶ್ನೆ. ಜನ ಕಾಡಿಗೆ ಬರಬೇಕು, ಕಾಡೂ ಉಳಿಯಬೇಕು, ಹೇಗೆ?

ನಮ್ಮಲ್ಲಿ ಈ ಪ್ರಶ್ನೆ ಬಂದ ಕೂಡಲೇ ಸಂಖ್ಯೆಗೆ ಹೋಗುತ್ತೇವೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಸಾಲುಗಟ್ಟಿ ನಿಂತ ಫೋಟೊ ಎಲ್ಲರೂ ನೋಡಿದ್ದೀರಿ. ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ 300 ಜನ ಅಂತ ಮಿತಿ ಬಂತು. ಒಳ್ಳೆಯದೇ ಆಯಿತು. ಆದರೆ ಅಮೆರಿಕದ ಅರಣ್ಯ ಇಲಾಖೆಯ ಸಂಶೋಧಕರು 1985ರಲ್ಲೇ ಈ ಪ್ರಶ್ನೆಯನ್ನು ತಿರುಗಿಸಿ ಹಾಕಿದರು. ಎಷ್ಟು ಜನ ಬಂದರೆ ಜಾಸ್ತಿ ಅಂತ ಕೇಳಬೇಡಿ, ಜಾಗದಲ್ಲಿ ಎಷ್ಟು ಬದಲಾವಣೆ ಆದರೆ ನಾವು ಒಪ್ಪಬಹುದು ಅಂತ ಮೊದಲು ತೀರ್ಮಾನ ಮಾಡಿ ಅಂದರು. ಅದನ್ನು ಮೊದಲು ಜಾರಿಗೆ ತಂದದ್ದು ಮೊಂಟಾನಾದ ಬಾಬ್ ಮಾರ್ಷಲ್ ಕಾಡಿನಲ್ಲಿ. ಹತ್ತು ಲಕ್ಷ ಎಕರೆ ದಾಟಿದ ಕಾಡು ಅದು. ಅರಣ್ಯ ಇಲಾಖೆ, ಕುದುರೆಯವರು, ಬೇಟೆಯವರು, ಪರಿಸರದವರು, ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ಒಟ್ಟಿಗೆ ಕೂತು ಮಾತಾಡಿದರು. ಕ್ಯಾಂಪ್ ಹಾಕುವ ಜಾಗದಲ್ಲಿ ಎಷ್ಟು ಅಡಿ ನೆಲ ಹುಲ್ಲಿಲ್ಲದೆ ಬೋಳಾಗಿದೆ, ದಿನಕ್ಕೆ ದಾರಿಯಲ್ಲಿ ಎಷ್ಟು ಗುಂಪು ಎದುರಾಗುತ್ತವೆ, ಹೀಗೆ ಅಳೆಯಲು ಸಿಗುವ ಗುರುತುಗಳನ್ನು ಇಟ್ಟುಕೊಂಡರು. ಗುರುತು ಮಿತಿ ದಾಟಿದರೆ ಮಾತ್ರ ಕಟ್ಟುನಿಟ್ಟು.

ನಾನು ಎರಡು ಬೇಸಿಗೆ ಅಲ್ಲಿ ಕ್ಯಾಂಪ್ ಜಾಗ ಅಳೆದಿದ್ದೇನೆ. ನಡುವೆ ಒಂದು ಗೂಟ, ಅದರಿಂದ ಸುತ್ತಲೂ ಹಗ್ಗ ಎಳೆದು ಬೋಳು ನೆಲದ ಅಂಚು ಎಲ್ಲಿ ಮುಗಿಯುತ್ತದೆ ಅಂತ ಬರೆಯುವುದು. ಬೇರು ಕಾಣುವ ಮರ ಎಷ್ಟು, ಕತ್ತಿ ಗಾಯ ಇರುವ ಮರ ಎಷ್ಟು. ಅಲ್ಲಿ ಕಲಿತ ಒಂದು ಸತ್ಯ ನನ್ನನ್ನು ಬಿಟ್ಟಿಲ್ಲ. ಹಾನಿಯ ದೊಡ್ಡ ಭಾಗ ಆಗುವುದು ಮೊದಲ ಕೆಲವೇ ಜನ ನಡೆದಾಗ. ಒಮ್ಮೆ ನೆಲ ಬೋಳಾದ ಮೇಲೆ ನೂರು ಜನ ನಡೆದರೂ ಇನ್ನೂರು ಜನ ನಡೆದರೂ ವ್ಯತ್ಯಾಸ ಅಷ್ಟು ದೊಡ್ಡದಲ್ಲ. ಹಾಗಾಗಿ ಹೆಸರಾದ ಜಾಗದಲ್ಲಿ ಜನರನ್ನು ಹರಡಬಾರದು, ಒಂದೇ ಗಟ್ಟಿ ದಾರಿಯಲ್ಲಿ ಹಿಡಿದಿಡಬೇಕು. ನಿಮ್ಮ ಜಲಪಾತದ ದಾರಿ ಅಗಲ ಆಗಿರುವುದು ಜನ ಜಾಸ್ತಿ ಆದದ್ದಕ್ಕೆ ಮಾತ್ರ ಅಲ್ಲ. ನಡುವೆ ಕೆಸರು ನಿಂತಿರಬೇಕು, ಜನ ಕೆಸರು ತಪ್ಪಿಸಿ ಅಂಚಿನಲ್ಲಿ ನಡೆದಿರಬೇಕು. ಮಾರನೇ ವರ್ಷ ಆ ಅಂಚೂ ಕೆಸರು. ಹೌದೋ ಅಲ್ಲವೋ ನೋಡಿ ಹೇಳಿ.

ಕಾಡಿನ ದಾರಿಯ ಶತ್ರು ಕಾಲಲ್ಲ, ನೀರು. ದಾರಿ ನೇರ ಇಳಿಜಾರಿಗೆ ಬಿದ್ದರೆ ನೀರು ಅದನ್ನೇ ಹಿಡಿದು ಓಡುತ್ತದೆ. ಗುಡ್ಡ ಎಷ್ಟು ಕಡಿದೋ ಅದರ ಅರ್ಧಕ್ಕಿಂತ ಜಾಸ್ತಿ ಕಡಿದು ದಾರಿ ಇರಬಾರದು ಅಂತ ಒಂದು ಅಳತೆ ಇದೆ. ದಾರಿಯ ಹೊರ ಅಂಚು ಸ್ವಲ್ಪ ತಗ್ಗಿರಬೇಕು, ಅಲ್ಲಲ್ಲಿ ನೀರು ಹೊರಗೆ ಜಾರಲು ತಗ್ಗು ಕೊಡಬೇಕು. ತರಗತಿಯಲ್ಲಿ ಇದನ್ನು ಕೇಳಿದಾಗ ನನಗೆ ಅಜ್ಜನ ತೋಟದ ಬಸಿಗಾಲುವೆ ನೆನಪಾಯಿತು. ನೀರಿನ ಜೊತೆ ಜಗಳ ಮಾಡಬೇಡ, ದಾರಿ ಕೊಡು ಅಂತ ಅಜ್ಜ ಹೇಳುತ್ತಿದ್ದದ್ದು ಅದೇ ಪಾಠ. ನಿಮ್ಮ ಮಗಳು ಅರ್ಧ ಕೋರ್ಸನ್ನು ತೋಟದಲ್ಲೇ ಕಲಿತಿರಬಹುದು.

ಇನ್ನೊಂದು ಹೇಳದಿದ್ದರೆ ಆಗುವುದಿಲ್ಲ. ಅಮೆರಿಕದ 1964ರ ವಿಲ್ಡರ್‌ನೆಸ್ ಕಾನೂನಿನ ಪ್ರಕಾರ ಬಾಬ್ ಮಾರ್ಷಲ್‌ನಂಥ ಕಾಡುಗಳಲ್ಲಿ ಯಂತ್ರ ಬಳಸುವಂತಿಲ್ಲ. ದಾರಿಗೆ ಬಿದ್ದ ಮರವನ್ನು ನಾವು ಇಬ್ಬರು ಹಿಡಿಯುವ ಗರಗಸದಲ್ಲಿ ಕೊಯ್ಯುತ್ತಿದ್ದೆವು. ಒತ್ತಬಾರದು, ನಿಮ್ಮ ಸರದಿ ಬಂದಾಗ ಎಳೆಯಬೇಕು ಅಷ್ಟೇ. ಒತ್ತಿದರೆ ಗರಗಸ ಬಾಗಿ ಸಿಕ್ಕಿಕೊಳ್ಳುತ್ತದೆ. ಒಂದು ಮರಕ್ಕೆ ಅರ್ಧ ದಿನ ಹೋದದ್ದಿದೆ. ಅಷ್ಟು ತಾಳ್ಮೆ ಕೊಟ್ಟು ಒಂದು ದಾರಿ ಕಾಯುತ್ತಾರಲ್ಲ, ಅದಕ್ಕೆ ಅವರು ಸ್ಟುವರ್ಡ್‌ಶಿಪ್ ಅನ್ನುತ್ತಾರೆ. ನಾನು ಮನೆಯಲ್ಲಿ ಅಮ್ಮನಿಗೆ ಹೇಳುವಾಗ ಜತನ ಅಂದೆ. ಅವಳಿಗೆ ಕೂಡಲೇ ಅರ್ಥ ಆಯಿತು.

ಈಗ ದುಡ್ಡಿನ ಮಾತು. ಡಿಗ್ರಿಗೇ ಅಲ್ಲಿಗೆ ಕಳಿಸಬೇಡಿ. ಹೊರದೇಶದ ವಿದ್ಯಾರ್ಥಿಗೆ ಫೀ, ಊಟ, ವಸತಿ ಸೇರಿ ವರ್ಷಕ್ಕೆ ಮೂವತ್ತು ಲಕ್ಷ ದಾಟುವುದು ಸಾಮಾನ್ಯ. ಅದಕ್ಕಿಂತ ದೊಡ್ಡದು, ಅಲ್ಲಿನ ನ್ಯಾಷನಲ್ ಪಾರ್ಕ್ ಮತ್ತು ಅರಣ್ಯ ಇಲಾಖೆ ನೌಕರಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಬೇಕು. ರೇಂಜರ್ ಆಗುತ್ತೇನೆ ಅಂತ ಹೋಗಿ ಸಾಲ ಹೊತ್ತು ವಾಪಸು ಬಂದವರನ್ನು ನೋಡಿದ್ದೇನೆ. ಮೊದಲು ಶಿರಸಿಯಲ್ಲಿ ಓದಲಿ. ಎರಡು ವರ್ಷ ಇಲ್ಲೇ ಕೆಲಸ ಮಾಡಲಿ. ಆಮೇಲೆ ಮಾಸ್ಟರ್ಸ್‌ಗೆ ಹೋದರೆ ಸಂಶೋಧನೆಗೆ ಸಹಾಯಕಿಯಾಗಿ ಸೇರಿ ಫೀ ಮಾಫಿ ಸಿಗುವ ದಾರಿ ಇರುತ್ತದೆ. ನಾನು ಹಾಗೆಯೇ ಹೋದದ್ದು.

ಮತ್ತೆ ಆ ಕಾಲು ಕಟ್ಟಿದ ವಿಷಯ. ಅಲ್ಲಿ ಕಾಡಿನ ಪ್ರಥಮ ಚಿಕಿತ್ಸೆ ಬೇರೆಯೇ ವಿದ್ಯೆ, ಸುಮಾರು 70-80 ಗಂಟೆಯ ತರಬೇತಿ. ಆಸ್ಪತ್ರೆ ಒಂದು ಗಂಟೆಗಿಂತ ದೂರ ಇದ್ದರೆ ಏನು ಮಾಡಬೇಕು ಅನ್ನುವುದೇ ಅದರ ಪಾಠ. ನಮ್ಮ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಕೂಗಿ ಕೂಗಿ ಎಷ್ಟು ವರ್ಷ ಆಯಿತು. ಇದನ್ನು ಕಲಿಯಬೇಕಾದವರು ಯಾರಾದರೂ ಇದ್ದರೆ ಅದು ನಾವೇ.

ಕೋಡಿಬಾಗ ದೋಣಿ

ಎಲ್ಲರೂ ಕಾಡು ಕಾಡು ಅಂತಿದ್ದೀರಿ, ಕಡಲು ಮರೆಯಬೇಡಿ. ನಾನು ಕಾರವಾರದವನು, ಬೋಟ್ ಮತ್ತು ಜೀವರಕ್ಷಕ ಕೆಲಸದಲ್ಲಿ ಹನ್ನೊಂದು ವರ್ಷ ಆಯಿತು.

ಘಟ್ಟದ ಮೇಲಿನವರಿಗೆ ದೂರ ಅನಿಸಬಹುದು, ಆದರೆ ಕೆಲಸ ನಮ್ಮ ಕಡೆ ಬೆಳೆಯುತ್ತಿದೆ. ಹೊನ್ನಾವರದ ಕಾಸರಕೋಡ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು, ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಬಾವುಟ. ಆ ಬಾವುಟ ಒಮ್ಮೆ ಬಂದರೆ ಮುಗಿಯಲಿಲ್ಲ. ನೀರಿನ ಪರೀಕ್ಷೆ, ಕಸ, ಜೀವರಕ್ಷಕರು, ಅಂಗವಿಕಲರಿಗೆ ದಾರಿ, ಎಲ್ಲ ಸರಿ ಇದ್ದರೆ ಮಾತ್ರ ಉಳಿಯುತ್ತದೆ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸರ್ ಜಾಗ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು, 4801 ಹೆಕ್ಟೇರ್. ಅಲ್ಲಿ ಬಳಚು (ಚಿಪ್ಪುಮೀನು) ಆಯುವವರು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರು, ಈಗ ದೋಣಿಯಲ್ಲಿ ಕೂತು ಹಕ್ಕಿ ನೋಡಲು ಬರುವವರು. ಎಲ್ಲರಿಗೂ ಒಂದೇ ಅಳಿವೆ. ಇದನ್ನು ಸಂಭಾಳಿಸಲು ಓದಿದವರು ಬೇಕು, ಆದರೆ ಬಳಚು ಆಯುವ ಹೆಂಗಸರ ಜೊತೆ ಕೂತು ಮಾತಾಡಲು ಬರುವವರು ಬೇಕು.

ಇಲ್ಲಿ ಓದಲು ನಮ್ಮ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಎಂ.ಎಸ್ಸಿ. ಮಾಡಬಹುದು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು, ನಾಲ್ಕು ವರ್ಷದ ಡಿಗ್ರಿ. ಡಿಗ್ರಿ ಜೊತೆಗೆ ಕೈಕೆಲಸ ಬೇಕು ಅಂದರೆ ಗೋವಾದ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ನಮಗೆ ಪಕ್ಕದಲ್ಲೇ ಇದೆ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ಸೇರಿದ್ದು. ಜೀವರಕ್ಷಣೆ, ಬೋಟ್ ನಡೆಸುವುದು ಎಲ್ಲ ಸಣ್ಣ ಕೋರ್ಸ್‌ಗಳು. ಬೆಟ್ಟ ಹತ್ತುವುದಕ್ಕೆ ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ 28 ದಿನದ ಮೊದಲ ಹಂತದ ಕೋರ್ಸ್ ಇದೆ. ಇವು ಯಾವುದೂ ಡಿಗ್ರಿ ಅಲ್ಲ, ಆದರೆ ಕೆಲಸ ಕೊಡುವವನು ಮೊದಲು ಕೇಳುವುದು ಇವನ್ನೇ.

ತಂಗಿಗೆ ಒಂದು ಮಾತು. ನೀರಿನ ಹತ್ತಿರ ಕೆಲಸ ಮಾಡುವುದಾದರೆ ಮೊದಲು ಸೆಳೆತ ನೋಡಲು ಕಲಿ. ದಡದ ಮೇಲೆ ಸ್ವಲ್ಪ ಎತ್ತರದಲ್ಲಿ ನಿಲ್ಲು. ಅಲೆ ಎಲ್ಲ ಕಡೆ ಬಿಳಿಯಾಗಿ ಒಡೆಯುತ್ತಿರುತ್ತದೆ, ನಡುವೆ ಒಂದು ಕಡೆ ಮಾತ್ರ ಒಡೆಯದೆ ಸುಮ್ನೆ, ಸ್ವಲ್ಪ ಕಪ್ಪಾಗಿ ಇರುತ್ತದೆ. ಊರಿನಿಂದ ಬಂದವರು ಅಲ್ಲೇ ಇಳಿಯುತ್ತಾರೆ, ಶಾಂತ ಇದೆಯಲ್ಲ ಅಂತ. ಅದೇ ಸೆಳೆತದ ಬಾಯಿ. ದಡಕ್ಕೆ ಬಂದ ನೀರೆಲ್ಲ ಅಲ್ಲಿಂದಲೇ ವಾಪಸು ಹೋಗುತ್ತದೆ. ಸಿಕ್ಕಿಕೊಂಡರೆ ದಡದ ಕಡೆ ಈಜಬಾರದು, ದಡದ ಉದ್ದಕ್ಕೆ ಅಡ್ಡ ಈಜಿ ಆಚೆ ಬಂದು ಆಮೇಲೆ ತಿರುಗಬೇಕು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಅವತ್ತಿನಿಂದ ಶಾಲೆ ಬಸ್ಸು ಬಂದು ನಿಂತರೆ ನಾನು ಮೊದಲು ಟೀಚರನ್ನು ಕರೆದು ಆ ಕಪ್ಪು ಜಾಗ ಬೆರಳು ಮಾಡಿ ತೋರಿಸುತ್ತೇನೆ. ಎರಡು ನಿಮಿಷದ ಕೆಲಸ.

ಜನವರಿಯಿಂದ ಮಾರ್ಚ್ ಒಳಗೆ ಒಮ್ಮೆ ಈ ಕಡೆ ಬಾ. ಕಡಲಾಮೆ ಮೊಟ್ಟೆ ಇಡುವ ಕಾಲ. ಒಂದು ಗೂಡಿನಲ್ಲಿ ನೂರರ ಹತ್ತಿರ ಮೊಟ್ಟೆ, ಮರಿ ಬರಲು 45ರಿಂದ 60 ದಿನ. ಅರಣ್ಯ ಇಲಾಖೆಯವರೂ ಮೀನುಗಾರ ಹುಡುಗರೂ ಸೇರಿ ಬಲೆ ಕಟ್ಟಿ ಕಾಯುತ್ತಾರೆ. ಮರಿ ಹೊರಬಂದಾಗ ಬೆಳಕು ಕಂಡ ಕಡೆ ಓಡುತ್ತದೆ. ಮೊದಲು ಕಡಲೇ ಬೆಳಕಿನ ಕಡೆ, ಈಗ ರೆಸಾರ್ಟಿನ ಲೈಟು. ಆ ಲೈಟು ಒಂದು ತಿಂಗಳು ಆರಿಸಿ ಅಂತ ಮಾಲೀಕರನ್ನು ಒಪ್ಪಿಸುವುದು ಇದೆಯಲ್ಲ, ಇದೂ ನಿನ್ನ ಓದಿನ ಭಾಗವೇ.

ಹೊಳೆಯಾಚೆ ಹೋಂಸ್ಟೇ

ನಾನು ಕುಮಟಾ ತಾಲೂಕಿನ ಒಳಗೆ ಹೋಂಸ್ಟೇ ನಡೆಸುತ್ತೇನೆ. ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದಕ್ಕೆ ನನ್ನ ಒಪ್ಪಿಗೆ ಇಲ್ಲ. ಗಟ್ಟಿ ದಾರಿ ಮಾಡಿ ಜನರನ್ನು ಅದರಲ್ಲೇ ಹಿಡಿದಿಡಿ ಅಂದಿರಿ. ನಮ್ಮಲ್ಲಿ ಗಟ್ಟಿ ದಾರಿ ಆದ ಕೂಡಲೇ ಜನ ದುಪ್ಪಟ್ಟು. ಮೆಟ್ಟಿಲು, ಕೈಹಿಡಿ, ಅಂಗಡಿ, ಮ್ಯಾಗಿ. ದಾರಿ ಕಷ್ಟ ಇದ್ದದ್ದೇ ನಮ್ಮ ಹಳ್ಳವನ್ನು ಇಷ್ಟು ದಿನ ಉಳಿಸಿತು. ಯಾವ ದಾರಿ ಸರಿ ಮಾಡಬೇಕು, ಯಾವುದನ್ನು ಕಷ್ಟವಾಗಿಯೇ ಬಿಡಬೇಕು ಅಂತ ಊರಿನವರು ಕೂತು ಹೇಳಬೇಕು.

ನಮ್ಮ ಜನಕ್ಕೆ ಇದು ಹೊಸದಲ್ಲ. ಉಪ್ಪಾಗೆ ಅನ್ನುವ ಹುಳಿ ಕಾಡುಹಣ್ಣಿನ ವಿಷಯ ತಗೊಳ್ಳಿ. ಮೊದಲು ಹಣ್ಣಾಗಿ ಬಿದ್ದ ಮೇಲೆ ಆಯುತ್ತಿದ್ದರು. ಸಿಪ್ಪೆಗೆ ರೇಟು ಬಂತು, ನಾನು ಬಿಟ್ಟರೆ ಪಕ್ಕದವನು ಕೊಯ್ಯುತ್ತಾನೆ ಅಂತ ಕಾಯಿ ಇದ್ದಾಗಲೇ ಟೊಂಗೆ ಸಮೇತ ಕಡಿದರು. ಹಕ್ಕಿಗೂ ಇಲ್ಲ, ಮುಂದಿನ ಗಿಡಕ್ಕೂ ಬೀಜ ಇಲ್ಲ. ಗ್ರಾಮ ಅರಣ್ಯ ಸಮಿತಿ ಗಟ್ಟಿ ಇದ್ದ ಊರಿನಲ್ಲಿ ಇಂಥ ದಿನದ ತನಕ ಮರ ಹತ್ತಬಾರದು ಅಂತ ಮಾತು ಕಟ್ಟಿಕೊಂಡರು, ಅಲ್ಲಿ ಮರ ಉಳಿಯಿತು. ಜಲಪಾತವೂ ಹಾಗೇ. ಯಾರದ್ದೂ ಅಲ್ಲ ಅಂತಾದರೆ ಎಲ್ಲರೂ ಟೊಂಗೆ ಕಡಿಯುತ್ತಾರೆ. 1983ರಲ್ಲಿ ಶಿರಸಿ ಕಡೆಯ ಸಾಲ್ಕಣಿಯವರು ಕಡಿಯಲು ಬಿಡದೆ ಮರ ಅಪ್ಪಿಕೊಂಡು ನಿಂತಾಗ ಅವರ ಕೈಯಲ್ಲಿ ಯಾವ ಡಿಗ್ರಿ ಇತ್ತು? ಅಂಕೋಲಾದ ತುಳಸಿ ಗೌಡರು ಶಾಲೆ ಮೆಟ್ಟಿಲು ಹತ್ತದೆ ಅರಣ್ಯ ಇಲಾಖೆ ನರ್ಸರಿಯಲ್ಲಿ ದುಡಿದು ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಯಾವ ತಾಯಿಮರದ ಬೀಜ ತೆಗೆಯಬೇಕು ಅಂತ ಅವರಿಗೆ ಗೊತ್ತಿತ್ತು. ಮಗಳು ಕಾಲೇಜಿಗೆ ಖಂಡಿತ ಹೋಗಲಿ. ಜೊತೆಗೆ ಇಂಥವರು ನಿಮ್ಮೂರಲ್ಲೂ ಒಬ್ಬರಿಬ್ಬರು ಇರುತ್ತಾರೆ, ಅವರು ಇರುವಾಗಲೇ ಅವರ ಹಿಂದೆ ನಡೆಯಲಿ.

ಕೆಲಸ ಇದೆಯಾ ಅಂತ ಕೇಳಿದಿರಿ. ಹಕ್ಕಿ ಕೂಗು ಕೇಳಿ ಹೆಸರು ಹೇಳುವ, ಮಕ್ಕಳನ್ನು ಹಳ್ಳ ದಾಟಿಸಲು ಗೊತ್ತಿರುವ, ಮಳೆ ಬಂದರೆ ಇವತ್ತು ಬೇಡ ಅಂತ ಧೈರ್ಯವಾಗಿ ಹೇಳುವ ಹುಡುಗಿ ಸಿಕ್ಕರೆ ನಾನು ಈ ವಾರವೇ ಕರೆಯುತ್ತೇನೆ. ನಮ್ಮ ಸುತ್ತ ಹೋಂಸ್ಟೇಗಳಿಗೆ ಇದೇ ತಲೆನೋವು, ಗೈಡ್ ಸಿಗುವುದಿಲ್ಲ.

ಬೇಣದಮನೆ

ಮೊಬೈಲು ಮಗಳ ಕೈಗೆ ಕೊಟ್ಟಿದ್ದೇನೆ. ಇನ್ನು ಕೆಳಗೆ ಅವಳದ್ದು.

ಎಲ್ಲರಿಗೂ ನಮಸ್ಕಾರ. ಎರಡು ಸಲ ಓದಿದೆ. ನಿನ್ನೆ ಭಾನುವಾರ ಅಪ್ಪನ ಟೇಪು ತಗೊಂಡು ಹೋಗಿ ದಾರಿ ಅಳೆದೆವು. ರಸ್ತೆಯಿಂದ ಜಲಪಾತದವರೆಗೆ ಐವತ್ತು ಹೆಜ್ಜೆಗೊಂದು ಕಡೆ, ಒಟ್ಟು 22 ಕಡೆ. ಅತಿ ಕಿರಿದು ಎರಡು ಅಡಿ, ಬಂಡೆಗಳ ನಡುವೆ. ಅತಿ ಅಗಲ ಹನ್ನೊಂದು ಅಡಿ. ಹೊನ್ನಾವರದ ಅಣ್ಣ ಹೇಳಿದ್ದು ಸರಿ, ಅಗಲ ಇರುವಲ್ಲೆಲ್ಲ ನಡುವೆ ಕೆಸರಿನ ಹೊಂಡ ಇತ್ತು, ಈಗ ಒಣಗಿ ಬಿರುಕು ಬಿಟ್ಟಿದೆ. ಐದು ಕಡೆ ಮಾತ್ರ ದಾರಿ ನೇರ ಇಳಿಜಾರಿಗೆ ಬಿದ್ದಿದೆ, ಅಲ್ಲಿ ಬೇರು ಒಂದು ಗೇಣು ಮೇಲೆದ್ದಿವೆ. ಉಳಿದ ಕಡೆ ದಾರಿ ಇಳಿಜಾರಿಗೆ ಅಡ್ಡವಾಗಿ ಹೋಗುತ್ತದೆ, ಅಲ್ಲಿ ಅಷ್ಟು ಹಾಳಾಗಿಲ್ಲ. ಹಳೆಯ ಕಾಲುದಾರಿ ಪೂರ್ತಿ ಅಡ್ಡವೇ ಹೋಗುತ್ತಿತ್ತಂತೆ. ದರಕಿಗೆ ಹೋಗುವ ಅಜ್ಜಿ ಒಬ್ಬರು ಜೊತೆಗೆ ಬಂದು ತೋರಿಸಿದರು. ಈ ಐದು ಕಡೆ ಪ್ರವಾಸಿಗರು ಹತ್ತಿರ ಅಂತ ಮಾಡಿಕೊಂಡ ಒಳದಾರಿಗಳು.

ಹೋಂಸ್ಟೇ ಅಕ್ಕ ಹೇಳಿದ್ದಕ್ಕೆ ಮೆಟ್ಟಿಲು ಏನೂ ಬೇಡ ಅಂತ ನಮಗೂ ಅನಿಸಿದೆ. ಆ ಐದು ಒಳದಾರಿಯ ಬಾಯಿಗೆ ಮುಳ್ಳುಕಂಟಿ ಹಾಕಿ ಮುಚ್ಚಿ, ಹಳೆಯ ದಾರಿ ಬಿಡಿಸಿ, ನೀರು ಹೊರಗೆ ಜಾರಲು ತಗ್ಗು ಕೊಟ್ಟರೆ ಹೇಗೆ? ಅಪ್ಪ ಬಸಿಗಾಲುವೆ ತೆಗೆಯುವ ಹಾರೆ, ಗುದ್ದಲಿ ಕೊಡುತ್ತಾರಂತೆ. ಮಳೆಗೆ ಮೊದಲು ಮುಗಿಸಬೇಕು. ತಗ್ಗು ಎಷ್ಟು ದೂರಕ್ಕೊಂದು ಇರಬೇಕು?

ಸಿಇಟಿ ಅರ್ಜಿಗೆ ಫಾರೆಸ್ಟ್ರಿ ಹಾಕುತ್ತಿದ್ದೇನೆ, ಕೃಷಿಕರ ಕೋಟಾ ಗುರುತು ಹಾಕುತ್ತೇನೆ ಮತ್ತಿಮರ ಅಕ್ಕಾ.

ದೂರದ ಹೊನ್ನಾವರ

ತಂಗಿ, ದೂರ ಒಂದೇ ಅಳತೆ ಇಲ್ಲ. ಕಡಿದು ಜಾಸ್ತಿ ಇದ್ದಲ್ಲಿ ಹತ್ತಿರ ಹತ್ತಿರ, ಸಮ ಇದ್ದಲ್ಲಿ ದೂರ. ಮೊದಲ ದೊಡ್ಡ ಮಳೆ ಬಂದ ದಿನ ಕೊಪ್ಪೆ ಹಾಕಿಕೊಂಡು ದಾರಿಯಲ್ಲಿ ನಡೆ. ನೀರು ಎಲ್ಲಿ ಓಡಲು ಶುರು ಮಾಡುತ್ತದೋ ಅದಕ್ಕೆ ಸ್ವಲ್ಪ ಮೇಲೆ ಒಂದು ಗೂಟ ಹೊಡೆ. ತಗ್ಗು ಅಲ್ಲಿ ಬೇಕು. ಈ ವರ್ಷ ಅಂದಾಜಿನಲ್ಲಿ ಮಾಡಿ, ಮುಂದಿನ ವರ್ಷ ಗೂಟ ನೋಡಿ ಸರಿ ಮಾಡಬಹುದು. ಆ 22 ಅಳತೆ ದಿನಾಂಕ ಹಾಕಿ ಪಟ್ಟಿಯಲ್ಲಿ ಬರೆದಿಡು, ಪ್ರತಿ ಜಾಗದ ಫೋಟೊ ಒಂದೇ ಕಡೆ ನಿಂತು ತೆಗೆ.

ಮತ್ತಿಮರ

ಹಾರೆ ಹಿಡಿಯುವ ಮೊದಲು ಒಂದು ಕೆಲಸ. ನಿಮ್ಮ ಸೊಪ್ಪಿನ ಬೆಟ್ಟ ಎಲ್ಲಿ ಮುಗಿಯುತ್ತದೆ, ಮೀಸಲು ಅರಣ್ಯ ಎಲ್ಲಿ ಶುರು ಅಂತ ನಕ್ಷೆಯಲ್ಲಿ ನೋಡಿ. ಸೊಪ್ಪಿನ ಬೆಟ್ಟವೂ ಅರಣ್ಯ ಭೂಮಿಯೇ, ಹಕ್ಕು ಇರುವುದು ಸೊಪ್ಪು ದರಕಿಗೆ. ಹಾಗಾಗಿ ಎರಡು ಕಡೆಗೂ ಅಗೆಯಲು ಇಲಾಖೆಯ ಒಪ್ಪಿಗೆ ಬೇಕು. ಗ್ರಾಮ ಅರಣ್ಯ ಸಮಿತಿಯ ಹೆಸರಿನಲ್ಲಿ ಒಂದು ಪತ್ರ ಬರೆದು, ಅಳತೆಯ ಪಟ್ಟಿ ಮತ್ತು ಫೋಟೊ ಲಗತ್ತಿಸಿ ವಲಯ ಕಚೇರಿಗೆ ಕೊಡಿ, ಸ್ವೀಕೃತಿ ಸಹಿ ತಗೊಳ್ಳಿ. ಪತ್ರ ಬರೆಯಲು ಸಹಾಯ ಬೇಕಾದರೆ ಇಲ್ಲೇ ಹೇಳಿ, ನಾನು ಬರೆದುಕೊಡುತ್ತೇನೆ. ಮಾರ್ಚ್ ಒಳಗೆ ಕೊಟ್ಟರೆ ಒಳ್ಳೆಯದು, ಆಮೇಲೆ ಕಚೇರಿಯವರೆಲ್ಲ ಕಾಡಿನ ಬೆಂಕಿಯ ಹಿಂದೆ ಇರುತ್ತಾರೆ.